ಕೆಡಹುವುದು ಮತ್ತು ಬಿಚ್ಚುವುದು

(ಭೋರ್‌ನಲ್ಲಿ ಸೇರಿದ ಸಂಘದ ಸದಸ್ಯರ ಸಭೆಯಲ್ಲಿ ‘ಮನೆಯ ನವೀಕರಣ ಮತ್ತು ಹಳೆಯ ಸಾಮಗ್ರಿಗಳ ಮರುಬಳಕೆ’ ಎಂಬ ವಿಷಯವಾಗಿ ಮಾಡಿದ ಉಪನ್ಯಾಸದ ಲಿಖಿತ ರೂಪ.)



ಭಾಷೆ, ಸಾಹಿತ್ಯ, ಗಡಿ, ಶಾಲೆ ಇವುಗಳ ಮಾತನ್ನೇ ಸಂಘದ ವೇದಿಕೆಯಿಂದ ಕೇಳಿ ರೂಢಿಯಾಗಿರುವ ತಮಗೆ ಇಟ್ಟಿಗೆ, ಹೆಂಚು, ತೊಲೆಗಳ ವಿಷಯವಾಗಿ ಒಂದು ಉಪನ್ಯಾಸವೆಂದರೆ ಕೊಂಚ ವಿಚಿತ್ರವೆನಿಸಬಹುದು. ಆದರೆ ನಮ್ಮಲ್ಲಿ ಬಹುಮಂದಿ ಈಗ ಬಂದು ನಿಂತಿರುವ ಘಟ್ಟವನ್ನು ಗಮನಿಸಬೇಕು. ನೌಕರಿಗಾಗಿಯೋ ವ್ಯಾಪಾರಕ್ಕಾಗಿಯೋ ಇತ್ತ ಬಂದವರು ಮೂವತ್ತು ನಲವತ್ತು ವರ್ಷಗಳ ಹಿಂದೆ ಕಟ್ಟಿಸಿದ ಇಲ್ಲವೆ ಕೊಂಡುಕೊಂಡ ಮನೆಗಳು ಹಳೆಯವಾಗಿವೆ. ಊರಿನಲ್ಲಿ ತಂದೆ ತಾಯಿಗಳು ಬಿಟ್ಟುಹೋದ ಮನೆಗಳು ಬೀಗ ಹಾಕಿಕೊಂಡು ನಿಂತಿವೆ. ಇಲ್ಲಿಯದನ್ನು ನವೀಕರಿಸಬೇಕು, ಅಲ್ಲಿಯದಕ್ಕೆ ಒಂದು ಗತಿ ಕಾಣಿಸಬೇಕು. ಎರಡೂ ಕಡೆ ಏಳುವ ಪ್ರಶ್ನೆ ಒಂದೇ: ಹಳೆಯದನ್ನು ಏನು ಮಾಡುವುದು, ಹೊಸದನ್ನು ಎಲ್ಲಿಂದ ತರುವುದು? ಈ ಪ್ರಶ್ನೆಗೆ ಹಣದ ಮುಖವಿದೆ, ಪರಿಸರದ ಮುಖವಿದೆ, ನಮ್ಮ ಸಾಂಸ್ಕೃತಿಕ ನೆನಪಿನ ಮುಖವೂ ಇದೆ.

ನಾವು ಸೇರಿರುವ ಊರೇ ಈ ವಿಷಯಕ್ಕೆ ತಕ್ಕ ಪೀಠಿಕೆಯಾಗಿದೆ. ಪುಣೆಯಿಂದ ದಕ್ಷಿಣಕ್ಕೆ ಸುಮಾರು 50 ಕಿಲೋಮೀಟರ್ ದೂರದಲ್ಲಿ ನೀರಾ ನದಿಯ ದಡದಲ್ಲಿರುವ ಭೋರ್ 1948ರವರೆಗೆ ಪಂತ ಸಚಿವ ಮನೆತನದವರ ಸಂಸ್ಥಾನದ ರಾಜಧಾನಿಯಾಗಿತ್ತು. ಇಲ್ಲಿಯ ರಾಜವಾಡೆಯನ್ನು ತಾವು ನೋಡಿದ್ದೀರಿ. ನೋಡದವರೂ ಯಾವುದಾದರೊಂದು ಚಲನಚಿತ್ರದಲ್ಲಿ ಅದನ್ನು ಕಂಡೇ ಇರುತ್ತೀರಿ. ಅರಮನೆಗೆ ದೊರೆತ ಕೀರ್ತಿ ಈ ಭಾಗದ ಸಾಮಾನ್ಯರ ವಾಡೆಗಳಿಗೆ ದೊರೆತಿಲ್ಲ. ಕರಿಕಲ್ಲಿನ ಪಾಯ, ತೇಗದ ಕಂಬ ತೊಲೆಗಳ ಚೌಕಟ್ಟು, ಇಟ್ಟಿಗೆ ಮಣ್ಣುಗಳ ಗೋಡೆ, ನಡುವೆ ಬೆಳಕು ಬೀಳುವ ಅಂಗಳ — ಇದು ವಾಡೆಯ ಸ್ವರೂಪ. ಇಲ್ಲಿಯವರು ಆ ಅಂಗಳವನ್ನು ‘ಚೌಕ’ ಎನ್ನುತ್ತಾರೆ. ಮೈಸೂರು ಸೀಮೆಯವರು ‘ತೊಟ್ಟಿ’ ಎನ್ನುತ್ತಾರೆ. ಬೆಳಗಾವಿ, ವಿಜಯಪುರಗಳ ಕಡೆಯವರಿಗೆ ‘ವಾಡೆ’ ಎಂಬ ಮಾತೇ ಮನೆಮಾತಾಗಿದೆ.

ಈಗ ಒಂದು ಹಳೆಯ ಮನೆಯೊಳಗೆ ಹೋಗಿ ಅದರ ಅಂಗಾಂಗಗಳ ಹೆಸರನ್ನು ಮನೆಯ ಯಜಮಾನರಿಂದ ಕೇಳಿ ನೋಡಿ. ನೆಲಕ್ಕೆ ಹಾಸಿದ ಕಲ್ಲು ಯಾವುದೆಂದರೆ ‘ಶಹಾಬಾದಿ ಫರಶಿ’ ಎನ್ನುತ್ತಾರೆ. ಮಾಡಿನ ಹೆಂಚು ಯಾವುದೆಂದರೆ ‘ಮಂಗಳೂರಿ ಕೌಲ’ ಎನ್ನುತ್ತಾರೆ. ಶಹಾಬಾದು ನಮ್ಮ ಕಲಬುರಗಿ ಜಿಲ್ಲೆಯ ಊರು. ಪುಣೆ, ಸೊಲ್ಲಾಪುರಗಳ ಮೂಲಕ ಸಾಗಿದ ರೈಲುದಾರಿ 1871ರಲ್ಲಿ ರಾಯಚೂರನ್ನು ತಲುಪಿತು. ಶಹಾಬಾದು ಇರುವುದು ಆ ದಾರಿಯಲ್ಲಿಯೇ. ಪದರ ಪದರವಾಗಿ ಏಳುವ ಅಲ್ಲಿಯ ಸುಣ್ಣದ ಕಲ್ಲು ಮಹಾರಾಷ್ಟ್ರದ ಮನೆಮನೆಯ ನೆಲವಾಗಲು ಆ ದಾರಿ ನೆರವಾಯಿತು. ಇನ್ನು ಹೆಂಚಿನ ಕಥೆ: ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ಎಂಬುವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದರು. ನೇತ್ರಾವತಿಯ ದಡದ ಜೇಡಿಯಿಂದ ಮಾಡಿದ ಹೆಂಚು ಸಮುದ್ರದ ದಾರಿಯಿಂದ ಮುಂಬಯಿಗೆ ಬಂದು, ಅಲ್ಲಿಂದ ಘಟ್ಟವನ್ನೂ ಹತ್ತಿತು. ಹೆಂಚಿನ ಹಿಂಬದಿಯನ್ನು ತಿರುಗಿಸಿದರೆ ಕಾರ್ಖಾನೆಯ ಮುದ್ರೆ ಇಂದಿಗೂ ಓದಲು ಸಿಗುತ್ತದೆ. ತೇಗದ ಮಾತು ಇಷ್ಟು ಸುಲಭವಲ್ಲ. ಬರ್ಮಾ, ಮಲಬಾರು, ಉತ್ತರ ಕನ್ನಡ ಹೀಗೆ ಅನೇಕ ಕಾಡುಗಳ ಮರ ಈ ಕಡೆಗೆ ಬರುತ್ತಿತ್ತು, ಮರದ ಮೇಲೆ ಊರಿನ ಮುದ್ರೆಯಿರುವುದಿಲ್ಲ.

ಅಂದಿನ ಆಡಳಿತವನ್ನು ನೆನೆಯಿರಿ. ಮಂಗಳೂರು ಮದರಾಸು ಪ್ರಾಂತಕ್ಕೆ ಸೇರಿತ್ತು. ಶಹಾಬಾದು ಹೈದರಾಬಾದಿನ ನಿಜಾಮರದು. ಉತ್ತರ ಕನ್ನಡವು 1862ರಿಂದ ಮುಂಬಯಿ ಪ್ರಾಂತದ್ದು. ಭೋರ್ ಇವು ಯಾವುವೂ ಅಲ್ಲದ ಒಂದು ದೇಶೀ ಸಂಸ್ಥಾನ. ಕನ್ನಡ ನಾಡು ಹರಿದು ಹಂಚಿಹೋಗಿದ್ದ ಆ ಕಾಲದಲ್ಲಿ, ಏಕೀಕರಣಕ್ಕೆ ಎಷ್ಟೋ ದಶಕಗಳ ಮುಂಚೆ, ಕರಾವಳಿಯ ಮಣ್ಣೂ ಕಲಬುರಗಿಯ ಕಲ್ಲೂ ಒಬ್ಬ ಮರಾಠಿ ಗೃಹಸ್ಥನ ಮನೆಯಲ್ಲಿ ಒಂದಾಗಿದ್ದವು. ಎರಡು ರಾಜ್ಯಗಳ ನಡುವೆ ಗಡಿಯ ವ್ಯಾಜ್ಯ ಎಷ್ಟೇ ನಡೆಯಲಿ, ಒಂದರ ಮಾಡಿನ ಕೆಳಗೆ ಇನ್ನೊಂದು ಬಾಳಿದೆ ಎಂಬುದಕ್ಕೆ ಈ ಮನೆಗಳಿಗಿಂತ ಗಟ್ಟಿಯಾದ ಸಾಕ್ಷಿ ಬೇಕಿಲ್ಲ. ಆ ಸಾಕ್ಷಿಯೇ ಈಗ ಲಾರಿ ಲಾರಿಯಾಗಿ ಹಳ್ಳದ ಪಾಲಾಗುತ್ತಿದೆ.

ವಾಡೆಗಳು ಬೀಳುತ್ತಿರುವುದಕ್ಕೆ ಕಾರಣಗಳು ಹಲವು. 1947ರ ಮುಂಬಯಿ ಬಾಡಿಗೆ ಕಾಯಿದೆಯಿಂದ ಬಾಡಿಗೆಗಳು ಹಳೆಯ ಮಟ್ಟದಲ್ಲಿಯೇ ನಿಂತವು. ಹೆಂಚು ತಿರುವಿಸುವಷ್ಟು ಹಣವೂ ಮಾಲಿಕನಿಗೆ ಹುಟ್ಟದಾಯಿತು. ಪುಣೆಯ ಪೇಟೆಗಳಲ್ಲಿ ಇದರ ಫಲ ಎದ್ದು ಕಾಣುತ್ತದೆ. ಹಿಸ್ಸೆಗಳು ಹೆಚ್ಚಿದವು, ವಾರಸುದಾರರು ಊರೂರಿಗೆ ಚದುರಿದರು, ನಿವೇಶನದ ಬೆಲೆ ಮನೆಯ ಬೆಲೆಯನ್ನು ಮೀರಿ ಬೆಳೆಯಿತು. ಬಿದ್ದ ಮನೆಯ ರಾಶಿಗೆ ಪುಣೆಯವರು ‘ರಾಡಾರೋಡಾ’ ಎಂಬ ಹೆಸರಿಟ್ಟಿದ್ದಾರೆ. ಆ ಹೆಸರಿನೊಳಗೆ ಕಲ್ಲು, ಹೆಂಚು, ಇಟ್ಟಿಗೆ, ಮಣ್ಣು ಎಂಬ ಭೇದವೆಲ್ಲ ಅಳಿದುಹೋಗುತ್ತದೆ. ಭೇದ ಅಳಿದ ಕ್ಷಣದಲ್ಲಿಯೇ ಬೆಲೆಯೂ ಅಳಿಯುತ್ತದೆ.

ಆದಕಾರಣ ಈ ಉಪನ್ಯಾಸದ ಸಾರವನ್ನು ಮೊದಲೇ ಹೇಳಿಬಿಡುತ್ತೇನೆ. ಮನೆಯನ್ನು ಕೆಡಹುವುದು ಬೇರೆ, ಬಿಚ್ಚುವುದು ಬೇರೆ. ಯಂತ್ರವು ಒಂದೆರಡು ದಿನಗಳಲ್ಲಿ ಮನೆಯನ್ನು ಕೆಡಹುತ್ತದೆ. ಬಿಚ್ಚಲು ವಾರಗಳು ಬೇಕು; ಕಟ್ಟಿದ ಕ್ರಮವನ್ನು ತಿರುವುಮುರುವು ಮಾಡಿ, ಮೊದಲು ಹೆಂಚು, ಆಮೇಲೆ ರೀಪು, ಪಕಾಸು, ಜಂತಿ, ತೊಲೆ, ಕೊನೆಗೆ ಕಂಬ ಮತ್ತು ಪಾಯ ಹೀಗೆ ಇಳಿಸಿಕೊಂಡು ಬರಬೇಕು. ಕಟ್ಟಿದವನ ಬುದ್ಧಿಯನ್ನು ಬಿಚ್ಚುವವನು ಓದಬೇಕಾಗುತ್ತದೆ. ‘ಹಸಿರು ಸಾಮಗ್ರಿ’ ಎಂಬ ಮಾತು ಇಂದು ಅಂಗಡಿಗಳ ಫಲಕದಲ್ಲಿ ಧಾರಾಳವಾಗಿ ಕಾಣುತ್ತದೆ. ಆದರೆ ಒಂದು ವಸ್ತು ಹಸಿರಾಗುವುದು ಅದನ್ನು ಪಡೆದ ಬಗೆಯಿಂದ, ಅದು ಬಂದ ದೂರದಿಂದ, ಅದನ್ನು ಮತ್ತೆ ಬಿಚ್ಚಿ ತೆಗೆಯಲು ಬರುತ್ತದೆಯೇ ಎಂಬುದರಿಂದ.

ನವೀಕರಣಕ್ಕೆ ಕೈಹಾಕುವವರು ಒಂದು ಕ್ರಮವನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳಿತು. ಇರುವುದನ್ನು ಇರುವಲ್ಲಿಯೇ ದುರಸ್ತಿ ಮಾಡುವುದು ಮೊದಲ ಮೆಟ್ಟಿಲು. ಆಗದಿದ್ದರೆ ಅದೇ ಮನೆಯ ಬೇರೊಂದು ಜಾಗಕ್ಕೆ ಬಳಸುವುದು ಎರಡನೆಯದು. ನೆರೆಹೊರೆಯಲ್ಲಿ ಬಿಚ್ಚುತ್ತಿರುವ ಮನೆಯಿಂದ ತರುವುದು ಮೂರನೆಯದು. ಹಳೆಯ ಸಾಮಾನಿನ ವ್ಯಾಪಾರಿಯಿಂದ ಕೊಳ್ಳುವುದು ನಾಲ್ಕನೆಯದು. ಸಮೀಪದಲ್ಲಿ ತಯಾರಾದ, ಕಡಿಮೆ ಸುಟ್ಟ ಹೊಸ ಸಾಮಗ್ರಿ ಐದನೆಯದು. ನಮ್ಮ ಜನ ಸಾಮಾನ್ಯವಾಗಿ ನಾಲ್ಕನೆಯ ಮೆಟ್ಟಿಲಿನಿಂದ ಆರಂಭಿಸುತ್ತಾರೆ. ಸ್ವಂತ ಮನೆಯ ಶಹಾಬಾದು ಕಲ್ಲನ್ನು ಒಡೆಸಿ ಹೊರಗೆ ಚೆಲ್ಲಿ, ದೂರದ ತಮಿಳುನಾಡಿನ ಚೆಟ್ಟಿನಾಡಿನಿಂದ ಕೆತ್ತನೆಯ ಕಂಬ ತರಿಸಿ ವರಾಂಡದಲ್ಲಿ ನಿಲ್ಲಿಸುವುದಕ್ಕೆ ಅಲಂಕಾರವೆನ್ನಬಹುದು, ಪರಿಸರಪ್ರೇಮವೆನ್ನಲಾಗದು.

ಇನ್ನು ಒಂದೊಂದು ವಸ್ತುವಿನ ವಿಚಾರ. ಮಂಗಳೂರು ಹೆಂಚು ಒಂದು ಚದರ ಮೀಟರಿಗೆ ಸುಮಾರು 15 ಬೇಕಾಗುತ್ತದೆ. ಬೇರೆ ಬೇರೆ ಕಾರ್ಖಾನೆಗಳ ಅಚ್ಚುಗಳಲ್ಲಿ ಕೂದಲೆಳೆಯ ಅಂತರವಿರುವುದರಿಂದ ಒಂದರ ಗಾಡಿಗೆ ಇನ್ನೊಂದರ ಅಂಚು ಕೂಡುವುದಿಲ್ಲ. ಮಳೆಗಾಲದಲ್ಲಿ ಅಲ್ಲಿಯೇ ಸೋರುತ್ತದೆ. ಆದಕಾರಣ ಒಂದು ಮಾಡಿಗೆ ಒಂದೇ ಮನೆಯ, ಒಂದೇ ಮುದ್ರೆಯ ಹೆಂಚನ್ನು ಕೊಳ್ಳಬೇಕು. ಒಡೆಯುವುದಕ್ಕೆಂದು ಶೇಕಡ ಹತ್ತರಷ್ಟು ಹೆಚ್ಚು ಕೊಳ್ಳಬೇಕು. ಬೆರಳಿನಿಂದ ಬಡಿದರೆ ಕಂಚಿನಂತೆ ನಾದ ಬರಬೇಕು. ಬೊದ್ದು ಸದ್ದು ಬಂದರೆ ಬಿರುಕಿದೆಯೆಂದರ್ಥ. ಪಾಚಿ ಕಟ್ಟಿದ್ದರೆ ಅಂಜಬೇಕಾಗಿಲ್ಲ, ಗಟ್ಟಿ ಕುಂಚದಿಂದ ಉಜ್ಜಿ ತೊಳೆದರೆ ಹೋಗುತ್ತದೆ. ಭೋರ್‌ನ ಪಡುವಣಕ್ಕೆ ವರಂಧಾ ಘಟ್ಟದ ಕಡೆ ಮಳೆ ವಿಪರೀತ. ಅಂಥಲ್ಲಿ ಮಾಡಿನ ಇಳಿಜಾರನ್ನು ಕಡಿಮೆ ಮಾಡುವ ಆಸೆಗೆ ಎಂದೂ ಒಳಗಾಗಬಾರದು.

ಶಹಾಬಾದು ಕಲ್ಲು ಮಣ್ಣು ಅಥವಾ ಸುಣ್ಣದ ಗಾರೆಯ ಮೇಲೆ ಕುಳಿತಿದ್ದರೆ ಚಪ್ಪಟೆಯ ಹಾರೆಗೆ ಸಲೀಸಾಗಿ ಏಳುತ್ತದೆ. ಸಿಮೆಂಟಿನ ಮೇಲೆ ಕುಳಿತಿದ್ದರೆ ಒಡೆಯದೆ ಏಳುವುದು ಕಷ್ಟ. ಎದ್ದ ಕಲ್ಲನ್ನು ಅಂಚು ಕತ್ತರಿಸಿ ಚೌಕ ಮಾಡಿ, ಯಂತ್ರದಿಂದ ಹೊಳಪು ಕೊಡಿಸಿದರೆ ಮತ್ತೊಂದು ತಲೆಮಾರು ಬಾಳುತ್ತದೆ. ನೆಲಕ್ಕೆ ಸಾಲದ ತುಂಡುಗಳು ಅಟ್ಟದ ಹಲಗೆಗೆ, ಕಟ್ಟೆಗೆ, ಹಿತ್ತಿಲಿನ ಹಾದಿಗೆ ಬರುತ್ತವೆ. ಇದು ಸುಣ್ಣದ ಕಲ್ಲಾದುದರಿಂದ ಆಸಿಡ್ ತಾಗಿಸಕೂಡದು. ನೆಲ ತೊಳೆಯುವವರಿಗೆ ಇದನ್ನು ಮೊದಲೇ ಹೇಳಿರಬೇಕು. ಇದೇ ಪಟ್ಟಿಯ ಸುಣ್ಣದ ಕಲ್ಲನ್ನು ವಾಡಿಯ ಬಳಿ ಸುಟ್ಟು ಸಿಮೆಂಟನ್ನು ಮಾಡುತ್ತಾರೆ. ಹಾಸುಗಲ್ಲಾಗಿ ಬಂದ ಕಲ್ಲನ್ನು ಎತ್ತಿ ಮತ್ತೆ ಹಾಸಬಹುದು. ಸಿಮೆಂಟಾಗಿ ಬಂದದ್ದು ಒಮ್ಮೆ ಗಟ್ಟಿಯಾದರೆ ಮರಳಿ ಸಿಮೆಂಟಾಗದು. ಜಗತ್ತಿನ ಇಂಗಾಲದ ಡೈಆಕ್ಸೈಡಿನ ಹೊರಸೂಸುವಿಕೆಯಲ್ಲಿ ಶೇಕಡ 7-8ರಷ್ಟು ಸಿಮೆಂಟಿನ ಉದ್ಯಮದಿಂದಲೇ ಬರುತ್ತದೆ ಎಂಬುದನ್ನು ಇಲ್ಲಿ ನೆನೆಯಬೇಕು.

ತೇಗದ ವ್ಯಾಪಾರದಲ್ಲಿ ಆಸೆಯೂ ಮೋಸವೂ ಹೆಚ್ಚು. ಪುಣೆಯಲ್ಲಿ ಭವಾನಿ ಪೇಟೆಯ ಮರದ ಅಡ್ಡೆಗಳೂ, ಭಾನುವಾರ ಮತ್ತು ಬುಧವಾರ ನೆರೆಯುವ ಜುನಾ ಬಾಜಾರವೂ ಹೆಸರಾಗಿವೆ. ಹಳೆಯ ಮರವನ್ನು ಘನ ಅಡಿಯ ಲೆಕ್ಕದಲ್ಲಿ ಅಳೆಯುವಾಗ ಗೂಟದ ತೂತು, ಕಚ್ಚು, ಕೊಳೆತ ತುದಿ ಇವುಗಳನ್ನೂ ಮರವೆಂದೇ ಅಳೆಯುವ ಪದ್ಧತಿಯಿದೆ. ಕೊಳ್ಳುವವರು ಕತ್ತರಿಸಿ ಉಳಿಯುವ ಉದ್ದವನ್ನೇ ಲೆಕ್ಕ ಹಿಡಿಯಬೇಕು. ತೊಲೆಯ ನಡುಭಾಗ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ. ಕೇಡು ಇರುವುದು ಗೋಡೆಯೊಳಗೆ ಹುದುಗಿದ್ದ ತುದಿಗಳಲ್ಲಿ. ಅಲ್ಲಿ ದಬ್ಬಣವನ್ನು ಚುಚ್ಚಿ ನೋಡಿರಿ. ಸಲೀಸಾಗಿ ಒಳಹೊಕ್ಕರೆ ಗೆದ್ದಲೋ ತೇವವೋ ತನ್ನ ಕೆಲಸವನ್ನು ಮುಗಿಸಿದೆ. ಸುತ್ತಿಗೆಯಿಂದ ಬಡಿದರೆ ಟೊಳ್ಳು ತಿಳಿಯುತ್ತದೆ. ಒಳಗುಳಿದ ಮೊಳೆ ಗರಗಸದ ಹಲ್ಲನ್ನು ಮುರಿಯುತ್ತದೆ. ಕೊಯ್ಸುವ ಮುನ್ನ ಮೊಳೆ ಕೀಳಿಸುವ ಕೂಲಿಯನ್ನೂ ಬೆಲೆಗೆ ಸೇರಿಸಿಕೊಳ್ಳಬೇಕು. ಹಳೆಯ ತೊಲೆಯನ್ನು ಮತ್ತೆ ಭಾರ ಹೊರಲು ಬಳಸುವುದಾದರೆ ಇಂಜಿನಿಯರರ ಒಪ್ಪಿಗೆ ಅವಶ್ಯ. ಬಾಗಿಲು, ಕಿಟಕಿ, ಮೆಟ್ಟಿಲು, ಕಪಾಟುಗಳಿಗೆ ಅಷ್ಟು ಚಿಂತೆಯಿಲ್ಲ. ವ್ಯಾಪಾರಿಯಿಂದ ರಶೀದಿಯನ್ನು ತಪ್ಪದೆ ಪಡೆಯಬೇಕು. ಹಳೆಯ ಬಣ್ಣವನ್ನು ಸುಟ್ಟು ತೆಗೆಯುವುದು, ಒಣಗಿದಂತೆಯೇ ಉಜ್ಜುವುದು ಎರಡೂ ಅಪಾಯ. ಮನೆಬಳಕೆಯ ಬಣ್ಣಗಳಲ್ಲಿ ಸೀಸಕ್ಕೆ ಕಟ್ಟುನಿಟ್ಟಿನ ಮಿತಿಯನ್ನು ಹಾಕುವ ನಿಯಮ ಬಂದದ್ದೇ 2016ರಲ್ಲಿ. ಅದಕ್ಕೂ ಹಿಂದಿನ ಬಣ್ಣದಲ್ಲಿ ಸೀಸವಿರುವ ಸಂಭವ ಬಹಳ.

ಇಟ್ಟಿಗೆಯ ವಿಷಯದಲ್ಲಿ ಒಂದು ತತ್ತ್ವವೇ ಅಡಗಿದೆ. ಸುಣ್ಣದ ಗಾರೆಯಲ್ಲಿ ಕಟ್ಟಿದ ಗೋಡೆಯನ್ನು ಬಿಚ್ಚಿದರೆ ಇಟ್ಟಿಗೆ ಇಡಿಯಾಗಿ ಕೈಗೆ ಬರುತ್ತದೆ. ಗಟ್ಟಿ ಸಿಮೆಂಟಿನಲ್ಲಿ ಕಟ್ಟಿದ ಗೋಡೆಯನ್ನು ಬಿಚ್ಚಿದರೆ ಇಟ್ಟಿಗೆ ಒಡೆಯುತ್ತದೆ, ಬೆಸುಗೆ ಉಳಿಯುತ್ತದೆ. ಕೂಡಿಸುವ ವಸ್ತುವು ಕೂಡಿಸಲ್ಪಟ್ಟ ವಸ್ತುವಿಗಿಂತ ಮೃದುವಾಗಿದ್ದರೆ ಮಾತ್ರ ಎರಡನ್ನೂ ಬೇರ್ಪಡಿಸಿ ಮರಳಿ ಬಳಸಲು ಸಾಧ್ಯ. ನಮ್ಮ ಹಿರಿಯರಿಗೆ ‘ಮರುಬಳಕೆ’ ಎಂಬ ಶಬ್ದ ಗೊತ್ತಿಲ್ಲದಿದ್ದರೂ ಅವರು ಕಟ್ಟಿದ ಗೋಡೆಗೆ ಈ ವಿವೇಕವಿತ್ತು. ಹಳೆಯ ಇಟ್ಟಿಗೆಯನ್ನು ಕೊಳ್ಳುವಾಗ ಎರಡನ್ನು ಒಂದಕ್ಕೊಂದು ತಾಗಿಸಿ ನಾದವನ್ನು ಕೇಳಿರಿ. ತೂಕ ಮಾಡಿ ಒಂದು ಹಗಲು ಒಂದು ರಾತ್ರಿ ನೀರಿನಲ್ಲಿಟ್ಟು ಮತ್ತೆ ತೂಗಿರಿ. ಐದರಲ್ಲೊಂದು ಪಾಲಿಗಿಂತ ಹೆಚ್ಚು ತೂಕ ಏರಿದರೆ ಹೊರಗೋಡೆಗೆ ಬೇಡ. ಮೇಲೆ ಬಿಳಿಯ ಉಪ್ಪು ಹೂತಿದ್ದರೆ, ಗಿಲಾವು ಮುಂದೆ ಉದುರುವುದು ಖಂಡಿತ.

ವಾಡೆಯ ಗೋಡೆಯ ಮಣ್ಣನ್ನೂ ಬಿಸಾಡಬೇಕಾಗಿಲ್ಲ. ಜರಡಿಯಾಡಿಸಿ, ಕಸ ಕಡ್ಡಿ ತೆಗೆದು, ಮತ್ತೆ ಮಣ್ಣಿನ ಗಿಲಾವಿಗೆ ಬಳಸಬಹುದು. ಹೊಸ ಗೋಡೆಯೇ ಬೇಕೆಂದಾದರೆ ಕನ್ನಡ ನಾಡಿನಲ್ಲಿಯೇ ಬೆಳೆದುಬಂದ ಒಂದು ದಾರಿ ನಮಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಹುಟ್ಟುಹಾಕಿದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರದಲ್ಲಿ ಕೆ. ಎಸ್. ಜಗದೀಶರೂ ಅವರ ಸಹೋದ್ಯೋಗಿಗಳೂ ಒತ್ತುಮಣ್ಣಿನ ಇಟ್ಟಿಗೆಯ ಮೇಲೆ ದೀರ್ಘಕಾಲ ಕೆಲಸ ಮಾಡಿದರು. ಮರಳು ಬೆರೆತ ಮಣ್ಣಿಗೆ ಶೇಕಡ 5ರಿಂದ 8ರಷ್ಟು ಸಿಮೆಂಟು ಕೂಡಿಸಿ, ಕೈಯಂತ್ರದಲ್ಲಿ ಒತ್ತಿ, ಮೂರು ನಾಲ್ಕು ವಾರ ಹಸಿಯಾಗಿಟ್ಟರೆ ಇಟ್ಟಿಗೆ ಸಿದ್ಧವಾಗುತ್ತದೆ. ಸುಡುವ ಮಾತೇ ಇಲ್ಲ. ನಮ್ಮ ಕಡೆಯ ಎರೆಮಣ್ಣು ಮಾತ್ರ ಇದಕ್ಕೆ ಒಗ್ಗದು, ಅದು ನೀರು ಕುಡಿದು ಹಿಗ್ಗುತ್ತದೆ, ಒಣಗಿ ಬಿರಿಯುತ್ತದೆ. ಇನ್ನು ಕೇರಳದಲ್ಲಿ ನೆಲೆಸಿದ್ದ ಲಾರಿ ಬೇಕರ್ ಅವರು ಬಳಕೆಗೆ ತಂದ, ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ಒಳಗೆ ಪೊಳ್ಳು ಬಿಡುವ ಕಟ್ಟಡ ಕ್ರಮದಲ್ಲಿ ಇಟ್ಟಿಗೆ ಸುಮಾರು ಕಾಲುಭಾಗ ಉಳಿಯುತ್ತದೆ.

ಮತ್ತೆ ಬಳಸಕೂಡದ ವಸ್ತುಗಳೂ ಇವೆ. ಹಳೆಯ ವಿದ್ಯುತ್ ತಂತಿ, ತುಕ್ಕು ಹಿಡಿದ ನೀರಿನ ಕೊಳವೆ ಇವು ಎಷ್ಟೇ ಅಗ್ಗವಾದರೂ ಬೇಡ. ಕಾಂಕ್ರೀಟಿನಿಂದ ಕಿತ್ತು ನೆಟ್ಟಗೆ ಮಾಡಿದ ಕಬ್ಬಿಣದ ಸಲಾಕೆಯನ್ನು ತೊಲೆ ಕಂಬಗಳಿಗೆ ಹಾಕಿಸಬೇಡಿ; ಅದು ಕುಲುಮೆಗೆ ಹೋಗಿ ಹೊಸ ಉಕ್ಕಾಗಿ ಬರಲಿ. ಕಲ್ನಾರಿನ ಹಳೆಯ ತಗಡುಗಳನ್ನು ಕೊಯ್ಯಬಾರದು, ಕೊರೆಯಬಾರದು, ಒಡೆಯಬಾರದು. ಅದರ ನಾರು ಪುಪ್ಪುಸವನ್ನು ಸೇರಿದರೆ ರೋಗ ಹೊರಬೀಳಲು ದಶಕಗಳು ಹಿಡಿಯುತ್ತವೆ, ಔಷಧಿಗೆ ಬಗ್ಗುವುದಿಲ್ಲ.

ಕಾನೂನಿನ ಎರಡು ಮಾತು ಹೇಳಬೇಕು. ಕಟ್ಟಡದ ಅವಶೇಷಗಳನ್ನು ಕುರಿತು 2016ರಲ್ಲಿ ಕೇಂದ್ರ ಸರಕಾರ ಪ್ರತ್ಯೇಕ ನಿಯಮಗಳನ್ನು ಹೊರಡಿಸಿ, ಕಾಂಕ್ರೀಟು, ಮಣ್ಣು, ಉಕ್ಕು, ಮರ, ಇಟ್ಟಿಗೆ ಮುಂತಾದವನ್ನು ಬೇರೆ ಬೇರೆಯಾಗಿ ವಿಂಗಡಿಸುವ ಕ್ರಮವನ್ನು ತಂದಿತು. 2025ರಲ್ಲಿ ಇನ್ನೂ ವಿಸ್ತಾರವಾದ ಹೊಸ ನಿಯಮಗಳು ಪ್ರಕಟವಾದವು. ಒಡೆದ ಕಾಂಕ್ರೀಟಿನ ಜಲ್ಲಿಯನ್ನು ಕೆಲವು ಮಿತಿಗಳಿಗೆ ಒಳಪಟ್ಟು ಹೊಸ ಕಾಂಕ್ರೀಟಿಗೆ ಬೆರೆಸಲು ಭಾರತೀಯ ಮಾನಕವು 2016ರಿಂದಲೇ ಒಪ್ಪಿದೆ. ಎರಡನೆಯ ಮಾತು ಇನ್ನೂ ಗಂಭೀರವಾದುದು. 1972ರ ಪ್ರಾಚ್ಯವಸ್ತುಗಳ ಕಾಯಿದೆಯ ಪ್ರಕಾರ, ನೂರು ವರ್ಷಕ್ಕೆ ಕಡಿಮೆಯಿಲ್ಲದಷ್ಟು ಹಳೆಯದಾದ ಶಿಲ್ಪ, ಶಾಸನ, ಕಟ್ಟಡದಿಂದ ಕಿತ್ತ ವಸ್ತು ಇವೆಲ್ಲ ಪ್ರಾಚ್ಯವಸ್ತುವಿನ ವ್ಯಾಖ್ಯೆಯೊಳಗೆ ಬರುತ್ತವೆ. ಪರವಾನಗಿಯಿಲ್ಲದೆ ಅವುಗಳ ವ್ಯಾಪಾರ ಸಲ್ಲದು, ವಿದೇಶಕ್ಕೆ ಸಾಗಿಸುವುದಂತೂ ಖಾಸಗಿಯವರಿಗೆ ನಿಷಿದ್ಧ. ಗುಡಿಯ ಕಂಬ, ವೀರಗಲ್ಲು, ಅಕ್ಷರವಿರುವ ಕಲ್ಲು ಇವುಗಳನ್ನು ತೋಟದ ಶೋಭೆಗೆಂದು ಯಾರಾದರೂ ಮಾರಲು ಬಂದರೆ ಹಿಂದಕ್ಕೆ ಕಳುಹಿಸಿರಿ. ಪಾಯ ತೆಗೆಯುವಾಗ ಅಂಥ ಕಲ್ಲು ಸಿಕ್ಕರೆ ಪುರಾತತ್ತ್ವ ಇಲಾಖೆಗೆ ತಿಳಿಸಿರಿ.

ಹಳೆಯ ಮನೆಯ ಸಾಮಾನು ಬೇಕೆಂಬ ಶ್ರೀಮಂತರ ಅಭಿರುಚಿಯೇ ಹಳ್ಳಿಯ ಮನೆಗಳನ್ನು ಬೀಳಿಸುವ ಶಕ್ತಿಯಾಗಬಾರದು. ದುರಸ್ತಿಗೆ ಹಣವಿಲ್ಲದ ಕುಟುಂಬಕ್ಕೆ ನಾಲ್ಕು ಕಂಬಗಳ ಮುಂಗಡ ಕೊಟ್ಟು, ನಿಲ್ಲಬಹುದಾಗಿದ್ದ ಮನೆಯನ್ನು ಕೆಡಹಿಸುವ ವ್ಯಾಪಾರಕ್ಕೆ ಮರುಬಳಕೆ ಎಂಬ ಗೌರವದ ಹೆಸರು ಒಪ್ಪುವುದಿಲ್ಲ. ಇದಕ್ಕೆ ಪ್ರತಿಯಾಗಿ ಮಣಿಪಾಲದ ವಿಜಯನಾಥ ಶೆಣೈಯವರು ತೋರಿಸಿದ ಮಾರ್ಗವಿದೆ. ಬೀಳುವುದು ನಿಶ್ಚಯವಾಗಿದ್ದ ಮನೆಗಳನ್ನು ಬಿಚ್ಚಿ, ಒಂದೊಂದು ಭಾಗಕ್ಕೂ ಗುರುತು ಹಾಕಿ, ಮಣಿಪಾಲಕ್ಕೆ ತಂದು ಅವರು ಮತ್ತೆ ನಿಲ್ಲಿಸಿದರು. ಮುಧೋಳದ ಅರಮನೆಯ ದರ್ಬಾರು ಸಭಾಂಗಣವೂ ಅವುಗಳಲ್ಲೊಂದು. ಕನ್ನಡ ನೆಲವನ್ನಾಳಿದ ಮರಾಠ ಘೋರ್ಪಡೆ ಮನೆತನದ ಆ ಸಭಾಂಗಣವನ್ನು ಒಬ್ಬ ಕನ್ನಡ ನಾಡಿನ ಗೃಹಸ್ಥರು ಉಳಿಸಿದರು ಎಂಬುದು ಭೋರ್‌ನಲ್ಲಿ ನಿಂತು ಹೇಳಲು ಹೆಮ್ಮೆಯ ಮಾತು. ಚೆನ್ನೈ ಸಮೀಪದ ದಕ್ಷಿಣಚಿತ್ರದಲ್ಲಿಯೂ ಇಳಕಲ್ಲಿನ ನೇಕಾರರ ಮನೆ ಹೀಗೆಯೇ ಆಶ್ರಯ ಪಡೆದಿದೆ. ಸಂಗ್ರಹಾಲಯ ಕಟ್ಟುವ ಶಕ್ತಿ ನಮಗಿಲ್ಲದಿರಬಹುದು. ಬಿಚ್ಚುವ ಮುನ್ನ ಫೋಟೋ ತೆಗೆದು, ನಕ್ಷೆ ಬರೆದು, ತೊಲೆಗೊಂದು ಅಂಕಿ ಹಾಕುವ ಶಕ್ತಿ ಎಲ್ಲರಿಗೂ ಇದೆ.

ಒಂದು ನಂಬಿಕೆಯ ಮಾತು ಇಲ್ಲಿ ಬರುತ್ತದೆ. ಒಂದು ಮನೆಗೆ ಬಳಸಿದ ಮರ ಇನ್ನೊಂದು ಮನೆಗೆ ಆಗದು, ಆ ಮನೆಯ ಕಷ್ಟ ಈ ಮನೆಗೆ ಬರುತ್ತದೆ ಎಂದು ನಮ್ಮ ಹಿರಿಯರಲ್ಲಿ ಅನೇಕರು ಅಂಜುತ್ತಾರೆ. ಅವರನ್ನು ಹಾಸ್ಯ ಮಾಡುವುದು ತರವಲ್ಲ. ಹುಳು ಹತ್ತಿದ ಮರ ಹೊಸ ಮನೆಗೆ ಬರದಂತೆ ತಡೆಯುವ ಎಚ್ಚರವೂ ಆ ಅಂಜಿಕೆಯಲ್ಲಿ ಬೆರೆತಿರಬಹುದು. ಆದರೆ ನಮ್ಮ ನಾಡಿನ ಅನುಭವ ಇನ್ನೊಂದನ್ನೂ ಹೇಳುತ್ತದೆ. ಈ ಊರಿನ ಹತ್ತಿರದ ಭಾಟಘರ ಜಲಾಶಯದಲ್ಲಿ ಬೇಸಗೆಯ ಕೊನೆಗೆ ನೀರಿಳಿದಾಗ ಮುಳುಗಿದ ಹಳೆಯ ಗುಡಿ ಹೊರಗೆ ಕಾಣುತ್ತದೆ. ಮಲೆನಾಡಿನಲ್ಲಿ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಾಗಲೂ, ಆಲಮಟ್ಟಿಯ ಹಿನ್ನೀರು ಹಳೆಯ ಬಾಗಲಕೋಟೆಗೆ ಬಂದಾಗಲೂ ಮನೆ ಮಠ ಕಳೆದುಕೊಂಡವರ ಪಾಲಿಗೆ ಬಾಗಿಲು, ಕಂಬ, ತೊಲೆಗಳೇ ಕೈಯಲ್ಲುಳಿದ ಊರಾಗಿದ್ದವು. ಹೊಸ ನೆಲದಲ್ಲಿ ಹಳೆಯ ಹೊಸ್ತಿಲನ್ನು ದಾಟಿ ಒಳಗೆ ಹೋದವರಿಗೆ ಅದು ಅಪಶಕುನವೆನಿಸಲಿಲ್ಲ.

ಈ ಎಲ್ಲ ಕೆಲಸವನ್ನು ಮಾಡುವ ಕೈಗಳು ಯಾರವು? ಪುಣೆಯಲ್ಲಿ ಕಟ್ಟಡ ಕಟ್ಟುವ, ಕೆಡಹುವ ಕೂಲಿಗಳ ನಡುವೆ ಒಂದು ಗಳಿಗೆ ನಿಂತು ಕಿವಿಗೊಟ್ಟರೆ ವಿಜಯಪುರ, ಕಲಬುರಗಿ, ಯಾದಗಿರಿಗಳ ಕನ್ನಡ ಕೇಳಿಬರುತ್ತದೆ. ನಾವು ಹೊರನಾಡ ಕನ್ನಡಿಗರೆಂದು ಸಭೆ ಸೇರುವಾಗ ಅವರೂ ಹೊರನಾಡ ಕನ್ನಡಿಗರೆಂಬುದನ್ನು ಮರೆಯಬಾರದು. ಗೋಡೆ ಬಿಚ್ಚುವಾಗ ಏಳುವ ಕಲ್ಲಿನ ಧೂಳು ಅವರ ಪುಪ್ಪುಸಕ್ಕೆ ಇಳಿಯುತ್ತದೆ. ನೀರು ಚಿಮುಕಿಸಿ ಧೂಳನ್ನು ಅಡಗಿಸುವುದು, ಮುಖಕ್ಕೆ ತಕ್ಕ ಮುಸುಕು ಕೊಡುವುದು, ಮೇಲಿನ ಭಾರ ಇಳಿಯುವ ಮುನ್ನ ಕೆಳಗಿನ ಗೋಡೆಗೆ ಯಾರನ್ನೂ ಕಳುಹಿಸದಿರುವುದು ಇವು ಮನೆಯೊಡೆಯನ ಹೊಣೆಯೂ ಹೌದು. ಕಟ್ಟಡ ಕಾರ್ಮಿಕರನ್ನು ಕುರಿತು 1996ರಲ್ಲಿ ಬಂದ ಕಾಯಿದೆಯು ಕೆಡಹುವ ಕೆಲಸವನ್ನೂ ಕಟ್ಟಡ ಕೆಲಸವೆಂದೇ ಎಣಿಸಿತು. ಮಹಾರಾಷ್ಟ್ರದಲ್ಲಿ ಅವರಿಗಾಗಿ ಕಲ್ಯಾಣ ಮಂಡಳಿಯೂ ಇದೆ. ಅಲ್ಲಿ ಹೆಸರು ನೋಂದಾಯಿಸಲು ಮರಾಠಿಯ ಅರ್ಜಿಯನ್ನು ತುಂಬಿಕೊಡುವುದಕ್ಕಿಂತ ದೊಡ್ಡ ಕನ್ನಡ ಸೇವೆ ನಮ್ಮಿಂದ ಇನ್ನಾವುದು ಆದೀತು?

ಕೊನೆಯದಾಗಿ ನಮ್ಮ ನಮ್ಮ ಊರಿನ ಮನೆಗಳ ಮಾತು. ಧಾರವಾಡದ್ದೋ ಕುಮಟೆಯದೋ ಮನೆಯನ್ನು ಫೋನಿನಲ್ಲಿಯೇ ವ್ಯಾಪಾರ ಮಾಡಿ ಮುಗಿಸುವುದು ಈಗ ಸಾಮಾನ್ಯವಾಗಿದೆ. ಕೆಡಹುವ ಗುತ್ತಿಗೆದಾರನು ಸಾಮಾನೆಲ್ಲ ತನಗೆ ಸೇರಲಿ ಎಂಬ ಕರಾರಿನ ಮೇಲೆ ಕಡಿಮೆ ಕೂಲಿಗೆ ಒಪ್ಪುತ್ತಾನೆ. ನಾವು ಲಾಭವೆಂದು ಸಹಿ ಹಾಕುತ್ತೇವೆ. ಹಾಕುವ ಮುನ್ನ ಒಂದು ಪಟ್ಟಿ ಮಾಡಿರಿ: ಕಂಬವೆಷ್ಟು, ಬಾಗಿಲೆಷ್ಟು, ಹೆಂಚೆಷ್ಟು, ಕಲ್ಲೆಷ್ಟು, ಯಾವುದು ನಮ್ಮದಾಗಿ ಉಳಿಯುತ್ತದೆ, ಯಾವುದು ಅವನಿಗೆ ಸೇರುತ್ತದೆ ಎಂಬುದು ಕರಾರಿನಲ್ಲಿಯೇ ಬರಲಿ. ಅಟ್ಟವನ್ನು ಸ್ವತಃ ನೋಡಿರಿ. ಹಳೆಯ ಮನೆಯ ಅಟ್ಟದಲ್ಲಿ ಕಡತ, ಲೆಕ್ಕದ ವಹಿ, ತಾಳೆಗರಿ, ಮೋಡಿ ಲಿಪಿಯ ಕಾಗದಗಳು ಸಿಗುವುದುಂಟು. ಅವುಗಳ ಜಾಗ ಧಾರವಾಡದ ಕನ್ನಡ ಸಂಶೋಧನ ಸಂಸ್ಥೆ, ಹಂಪಿಯ ಕನ್ನಡ ವಿಶ್ವವಿದ್ಯಾಲಯ, ಪುಣೆಯಲ್ಲಿ 1910ರಲ್ಲಿ ಸ್ಥಾಪನೆಯಾದ ಭಾರತ ಇತಿಹಾಸ ಸಂಶೋಧಕ ಮಂಡಳ ಇಂಥವು, ರದ್ದಿಯಂಗಡಿಯಲ್ಲ.

ಆದ್ದರಿಂದ ಸಂಘದ ಮುಂದೆ ಒಂದು ಸಣ್ಣ ಸೂಚನೆಯನ್ನಿಟ್ಟು ಮುಗಿಸುತ್ತೇನೆ. ಕಚೇರಿಯಲ್ಲಿ ಒಂದು ವಹಿಯನ್ನು ತೆರೆಯೋಣ. ಯಾವ ಸದಸ್ಯರ ಮನೆಯನ್ನು ಬಿಚ್ಚಲಾಗುತ್ತಿದೆ, ಏನು ಮಿಗುತ್ತದೆ, ಯಾರಿಗೆ ಏನು ಬೇಕು ಎಂಬುದು ಅದರಲ್ಲಿ ದಾಖಲಾಗಲಿ. ಸುಣ್ಣದ ಗಾರೆಯನ್ನು ಬಲ್ಲ ಗೌಂಡಿ, ಹಳೆಯ ತೇಗವನ್ನು ಬಲ್ಲ ಬಡಿಗ, ಹೆಂಚು ಹೊದಿಸಬಲ್ಲ ಕುಶಲಿಗಳ ವಿವರ ಅವರ ಒಪ್ಪಿಗೆಯಿಂದ ಅದರಲ್ಲಿರಲಿ. ಆ ಕುಶಲಿಗಳು ಕನ್ನಡದವರೋ ಮರಾಠಿಯವರೋ ಎಂಬ ಪ್ರಶ್ನೆ ಬೇಡ. ಒಂದೇ ಮುದ್ರೆಯ ಇನ್ನೂರು ಹೆಂಚು ಒಬ್ಬರ ಹಿತ್ತಿಲಿನಲ್ಲಿ ಬಿದ್ದಿರುವಾಗ ಇನ್ನೊಬ್ಬರು ಅದನ್ನೇ ಹುಡುಕುತ್ತ ಪೇಟೆ ಅಲೆಯಬೇಕಾಗದು. ಶಹಾಬಾದಿನ ಕಲ್ಲು, ಮಂಗಳೂರಿನ ಹೆಂಚು ನಮಗಿಂತ ಮುಂಚೆ ಇಲ್ಲಿಗೆ ಬಂದು, ಇಲ್ಲಿಯ ಜನರ ಮಾತಿನಲ್ಲಿ ತಮ್ಮ ಊರಿನ ಹೆಸರನ್ನು ಉಳಿಸಿಕೊಂಡು, ಇಲ್ಲಿಯ ಮಳೆ ಬಿಸಿಲುಗಳಿಂದ ಮನೆಗಳನ್ನು ಕಾಯ್ದಿವೆ. ಅವನ್ನು ಕಸವೆಂದು ಚೆಲ್ಲುವವರು ನಾವಾಗದಿರೋಣ.